ಎಕ್ಸಾಂಪ್‌ನಲ್ಲಿ ಅಪಾಚೆ ಸ್ಟಾರ್ಟ್ ಆಗುತ್ತಿಲ್ಲ, ಮೈಎಸ್‌ಕ್ಯೂಎಲ್ ಕೂಡ ನಿಂತುಹೋಗುತ್ತಿದೆ (ವಿಂಡೋಸ್ 10)

ಏಲಕ್ಕಿಹಾರ

ಎಲ್ಲರಿಗೂ ನಮಸ್ಕಾರ. ನಾನು ಬಿಸಿಎ ವಿದ್ಯಾರ್ಥಿನಿ, ಊರು ಹಾವೇರಿ ಹತ್ತಿರ. ಈ ಸೆಮಿಸ್ಟರ್ ಪಿಎಚ್‌ಪಿ ಲ್ಯಾಬ್ ಇದೆ, ಜೊತೆಗೆ ಒಂದು ಮಿನಿ ಪ್ರಾಜೆಕ್ಟ್. ಮನೆಯಲ್ಲೂ ಅಭ್ಯಾಸ ಮಾಡೋಣ ಅಂತ ಲ್ಯಾಪ್‌ಟಾಪ್‌ಗೆ ಎಕ್ಸಾಂಪ್ (ಅಪಾಚೆ ವೆಬ್ ಸರ್ವರ್, ಮೈಎಸ್‌ಕ್ಯೂಎಲ್ ಡೇಟಾಬೇಸ್, ಪಿಎಚ್‌ಪಿ ಎಲ್ಲ ಒಟ್ಟಿಗೆ ಬರುವ ಪ್ಯಾಕೇಜ್) ಹಾಕಿಕೊಂಡೆ. ಲ್ಯಾಪ್‌ಟಾಪ್ ನಮ್ಮ ದೊಡ್ಡಪ್ಪನ ಮಗ ಬಳಸುತ್ತಿದ್ದದ್ದು. ವಿಂಡೋಸ್ 10, ರ್‍ಯಾಮ್ 4 ಜಿಬಿ.

ಅಪಾಚೆ ಪಕ್ಕದ ಸ್ಟಾರ್ಟ್ ಒತ್ತಿದರೆ ಹಸಿರು ಬಣ್ಣ ಬರುವುದೇ ಇಲ್ಲ. ಕೆಳಗೆ ಕೆಂಪು ಅಕ್ಷರದಲ್ಲಿ "ಪೋರ್ಟ್ 80 ಇನ್ ಯೂಸ್" ಅಂತ ಬರುತ್ತದೆ, ಕೊನೆಯಲ್ಲಿ "ಪಿಐಡಿ 4" (ಓಡುತ್ತಿರುವ ಪ್ರೋಗ್ರಾಂನ ಸಂಖ್ಯೆ) ಅಂತಲೂ ಇದೆ. ಮೈಎಸ್‌ಕ್ಯೂಎಲ್ ಸ್ಟಾರ್ಟ್ ಒತ್ತಿದರೆ ಎರಡು ಸೆಕೆಂಡ್ ಹಳದಿ ಆಗಿ "ಶಟ್‌ಡೌನ್ ಅನ್‌ಎಕ್ಸ್‌ಪೆಕ್ಟೆಡ್ಲಿ" ಅಂತ ನಿಂತುಬಿಡುತ್ತದೆ. ತೆಗೆದು ಮತ್ತೆ ಹಾಕಿದೆ, ಅದೇ ಕಥೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪಿಐಡಿ 4 ನೋಡಿದರೆ ಅದು "ಸಿಸ್ಟಮ್". ಅದನ್ನು ಎಂಡ್ ಟಾಸ್ಕ್ ಮಾಡಬಹುದಾ? ದಯವಿಟ್ಟು ಯಾರಾದರೂ ತಿಳಿಸಿ.

ಕೋಡ್‌ಕಡಲೆ

ಸುಮ್ನೆ ವಿಂಡೋಸ್ ಒಮ್ಮೆ ಫಾರ್ಮ್ಯಾಟ್ ಮಾಡಿಸಿ ಬಿಡಿ. ಹಳೇ ಲ್ಯಾಪ್‌ಟಾಪ್ ಅಲ್ವಾ, ಏನೇನು ತುಂಬಿದೆಯೋ ಯಾರಿಗೆ ಗೊತ್ತು. ಇಲ್ಲದಿದ್ದರೆ ಡಾಕರ್ ಹಾಕಿಕೊಳ್ಳಿ, ಪ್ರತಿ ಸರ್ವರ್ ತನ್ನದೇ ಪೆಟ್ಟಿಗೆಯಲ್ಲಿ ಬೇರೆಯಾಗಿ ಓಡುತ್ತೆ, ಈ ತಲೆನೋವೇ ಇರಲ್ಲ.

ತುಂಗಾತೀರ

ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ಪಿಐಡಿ 4 ಅನ್ನು ಎಂಡ್ ಟಾಸ್ಕ್ ಮಾಡಲೂ ಹೋಗಬೇಡಿ. ಅದು ವಿಂಡೋಸ್‌ನ ತಿರುಳು, ಅದನ್ನು ನಿಲ್ಲಿಸಲು ಬರುವುದಿಲ್ಲ. 4 ಜಿಬಿ ರ್‍ಯಾಮ್‌ನಲ್ಲಿ ಡಾಕರ್ ಹಾಕಿದರೆ ಎಡಿಟರ್ ಮತ್ತು ಬ್ರೌಸರ್ ತೆರೆಯಲೂ ಜಾಗ ಉಳಿಯುವುದಿಲ್ಲ. ನಿಮ್ಮ ಲ್ಯಾಬ್ ಎಕ್ಸಾಂಪ್‌ನಲ್ಲೇ ನಡೆಯುತ್ತದೆ ಅಂದರೆ ಮನೆಯಲ್ಲೂ ಅದೇ ಇರಲಿ.

ಎಕ್ಸಾಂಪ್ ಕೆಟ್ಟಿಲ್ಲ. ಅದು ಕೇಳುತ್ತಿರುವ ಬಾಗಿಲಲ್ಲಿ, ಅಂದರೆ ಪೋರ್ಟ್‌ನಲ್ಲಿ, ಆಗಲೇ ಬೇರೆ ಯಾವುದೋ ಪ್ರೋಗ್ರಾಂ ಕೂತಿದೆ. ಹಾಗಾಗಿ ಎಷ್ಟು ಸಲ ತೆಗೆದು ಹಾಕಿದರೂ ಕೂತವರು ಎದ್ದು ಹೋಗುವುದಿಲ್ಲ. ಅವರು ಯಾರು ಅಂತ ಮೊದಲು ಗೊತ್ತಾಗಬೇಕು. ಎರಡು ಕೆಲಸ ಮಾಡಿ, ಏನು ಕಂಡಿತು ಅಂತ ಇಲ್ಲಿ ಬರೆಯಿರಿ.

ಎಕ್ಸಾಂಪ್ ಪೂರ್ತಿ ನಿಲ್ಲಿಸಿ, ಬ್ರೌಸರ್‌ನಲ್ಲಿ ಬರೀ ಲೋಕಲ್‌ಹೋಸ್ಟ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಯಾವ ಪುಟ ಬರುತ್ತದೆ? ಅಪಾಚೆ ಓಡುತ್ತಲೇ ಇಲ್ಲ, ಹಾಗಾಗಿ ಯಾವ ಪುಟವೂ ಬರಬಾರದು. ಬಂದರೆ ಅದೇ ಸುಳಿವು.

ಆಮೇಲೆ ಎಕ್ಸಾಂಪ್ ಪ್ಯಾನೆಲ್ ತೆರೆದು, ಕೆಳಗಿನ ಸಂದೇಶದ ಜಾಗವನ್ನು ಮೇಲಕ್ಕೆ ಸ್ಕ್ರೋಲ್ ಮಾಡಿ. ಎಲ್ಲರೂ ಕೊನೆಯ ಕೆಂಪು ಸಾಲನ್ನಷ್ಟೇ ಓದುತ್ತಾರೆ. ಬೇಕಾದ ಮಾತು ಪ್ಯಾನೆಲ್ ಶುರುವಾದ ಕೂಡಲೇ ಬಂದಿರುತ್ತದೆ, "ಪ್ರಾಬ್ಲಮ್ ಡಿಟೆಕ್ಟೆಡ್" ಅನ್ನುವ ಸಾಲಿನ ಆಸುಪಾಸಿನಲ್ಲಿ. ಬಲಗಡೆ "ನೆಟ್‌ಸ್ಟಾಟ್" ಅಂತ ಬಟನ್ ಇದೆ, ಅದನ್ನೂ ಒತ್ತಿ ನೋಡಿ. ಯಾವ ಪೋರ್ಟ್‌ನಲ್ಲಿ ಯಾವ ಪ್ರೋಗ್ರಾಂ ಇದೆ ಅಂತ ಪಟ್ಟಿ ಕೊಡುತ್ತದೆ. 80, 443 (ಎರಡೂ ಅಪಾಚೆಗೆ ಬೇಕಾದವು), 3306 (ಮೈಎಸ್‌ಕ್ಯೂಎಲ್‌ಗೆ ಬೇಕಾದದ್ದು) ಈ ಮೂರನ್ನು ಹುಡುಕಿ.

ಏಲಕ್ಕಿಹಾರ

ತುಂಬಾ ಥ್ಯಾಂಕ್ಸ್ ಸರ್. ಲೋಕಲ್‌ಹೋಸ್ಟ್ ಹಾಕಿದರೆ ನೀಲಿ ಬಣ್ಣದ ಪುಟ ಬಂತು. ಅದರಲ್ಲಿ ಬೇರೆ ಬೇರೆ ಭಾಷೆಯಲ್ಲಿ ಸ್ವಾಗತ ಅಂತ ಇದೆ, "ಇಂಟರ್‌ನೆಟ್ ಇನ್ಫರ್ಮೇಷನ್ ಸರ್ವಿಸಸ್" ಅಂತ ಬರೆದಿದೆ. ನೆಟ್‌ಸ್ಟಾಟ್‌ನಲ್ಲಿ 80ರ ಎದುರು "ಸಿಸ್ಟಮ್", 3306ರ ಎದುರು "ಮೈಎಸ್‌ಕ್ಯೂಎಲ್‌ಡಿ". ಪ್ಯಾನೆಲ್ ಮೇಲೆ ಸ್ಕ್ರೋಲ್ ಮಾಡಿದರೆ 3306 ಬಗ್ಗೆ ಪ್ರೋಗ್ರಾಂ ಫೈಲ್ಸ್ ಒಳಗಿನ "ಮೈಎಸ್‌ಕ್ಯೂಎಲ್ ಸರ್ವರ್ 8.0" ಫೋಲ್ಡರ್ ದಾರಿ ತೋರಿಸುತ್ತಿದೆ. ಹಿಂದಿನ ಸೆಮಿಸ್ಟರ್ ಡಿಬಿಎಂಎಸ್ ಲ್ಯಾಬ್‌ಗೆ ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್ ಹಾಕಿದ್ದೆ. ಆದರೆ ಅದನ್ನು ಈಗ ತೆರೆದೇ ಇಲ್ಲವಲ್ಲ?

ತುಂಗಾತೀರ

ಇಬ್ಬರೂ ಸಿಕ್ಕಿದರು. ಈಗ ಕೆಲಸ ಸುಲಭ.

ನೀಲಿ ಪುಟ ಮೈಕ್ರೋಸಾಫ್ಟ್‌ನ ಸ್ವಂತ ವೆಬ್ ಸರ್ವರ್ ಐಐಎಸ್‌ನದ್ದು. ವಿಂಡೋಸ್ ಜೊತೆಯಲ್ಲೇ ಬರುತ್ತದೆ, ಆದರೆ ಯಾರಾದರೂ ಆನ್ ಮಾಡದೆ ಓಡುವುದಿಲ್ಲ. ನಿಮ್ಮ ಅಣ್ಣ ಡಾಟ್‌ನೆಟ್ ಕೆಲಸಕ್ಕೆ ಆನ್ ಮಾಡಿಕೊಂಡಿರಬೇಕು. ಐಐಎಸ್‌ಗೆ ಬರುವ ಕರೆಗಳನ್ನು ವಿಂಡೋಸ್ ಕರ್ನಲ್ ಒಳಗಿನ ಒಂದು ಡ್ರೈವರ್ ತಗೊಳ್ಳುತ್ತದೆ. ಅದಕ್ಕೇ ಐಐಎಸ್ ಹೆಸರು ಕಾಣದೆ "ಸಿಸ್ಟಮ್, ಪಿಐಡಿ 4" ಅಂತ ಕಂಡದ್ದು. ತುಂಬ ಜನ ಗಾಬರಿ ಬೀಳುವುದು ಇಲ್ಲೇ. ನಿಮಗೆ ನೀಲಿ ಪುಟ ಸಿಕ್ಕಿದ್ದು ಒಳ್ಳೆಯದಾಯಿತು, ಏಕೆಂದರೆ ಪಿಐಡಿ 4ರ ಹಿಂದೆ ಬೇರೆಯವರೂ ಇರಬಹುದು. ಎಸ್‌ಕ್ಯೂಎಲ್ ಸರ್ವರ್‌ನ ರಿಪೋರ್ಟಿಂಗ್ ಸರ್ವಿಸ್ ಕೂಡ ಇದೇ ದಾರಿಯಲ್ಲಿ 80 ಹಿಡಿಯುತ್ತದೆ.

ಅಣ್ಣನ ಹತ್ತಿರ ಒಂದು ಮಾತು ಕೇಳಿ, ಅವರ ಹಳೇ ಕೆಲಸ ಏನಾದರೂ ಬೇಕಾ ಅಂತ. ಬೇಡ ಅಂದರೆ ಸ್ಟಾರ್ಟ್ ಮೆನುವಿನಲ್ಲಿ "ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್" ಹುಡುಕಿ, ಅದರಲ್ಲಿ "ಇಂಟರ್‌ನೆಟ್ ಇನ್ಫರ್ಮೇಷನ್ ಸರ್ವಿಸಸ್" ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ. ಇರಲಿ ಅಂದರೆ ತೆಗೆಯಬೇಡಿ, ನಿಲ್ಲಿಸಿದರೆ ಸಾಕು. ಎಕ್ಸಾಂಪ್ ಪ್ಯಾನೆಲ್ ಬಲಗಡೆಯ "ಸರ್ವಿಸಸ್" ಬಟನ್ ಒತ್ತಿ. ಪಟ್ಟಿಯ ಕೊನೆಯ ಕಡೆ "ವರ್ಲ್ಡ್ ವೈಡ್ ವೆಬ್ ಪಬ್ಲಿಷಿಂಗ್ ಸರ್ವಿಸ್" ಇರುತ್ತದೆ. ಅದರ ಮೇಲೆ ಡಬಲ್ ಕ್ಲಿಕ್, ಸ್ಟಾರ್ಟಪ್ ಟೈಪ್ "ಮ್ಯಾನ್ಯುಯಲ್" ಮಾಡಿ, ಸ್ಟಾಪ್ ಒತ್ತಿ, ಅಪ್ಲೈ. ಇನ್ನು ಅದು ತಾನಾಗಿ ಏಳುವುದಿಲ್ಲ.

ಮೈಎಸ್‌ಕ್ಯೂಎಲ್ ವಿಷಯ. ವರ್ಕ್‌ಬೆಂಚ್ ಬರೀ ಕಿಟಕಿ. ಅದನ್ನು ಮುಚ್ಚಿದರೆ ಹಿಂದಿನ ಸರ್ವರ್ ನಿಲ್ಲುವುದಿಲ್ಲ. ಸರ್ವರ್ "ಮೈಎಸ್‌ಕ್ಯೂಎಲ್80" ಅನ್ನುವ ಹೆಸರಿನ ಸರ್ವಿಸ್ ಆಗಿ ಲ್ಯಾಪ್‌ಟಾಪ್ ಆನ್ ಆದಾಗಲೆಲ್ಲ ತಾನೇ ಶುರುವಾಗಿ 3306ರಲ್ಲಿ ಕೂರುತ್ತದೆ. ಎಕ್ಸಾಂಪ್‌ಗೂ ಅದೇ 3306 ಬೇಕು. ಅಂದಹಾಗೆ, ಪ್ಯಾನೆಲ್‌ನಲ್ಲಿ ಮೈಎಸ್‌ಕ್ಯೂಎಲ್ ಅಂತ ಬರೆದಿದ್ದರೂ 2015ರಿಂದ ಎಕ್ಸಾಂಪ್ ಒಳಗೆ ಇರುವುದು ಮೈಎಸ್‌ಕ್ಯೂಎಲ್‌ನಿಂದಲೇ ಕವಲೊಡೆದ ಮಾರಿಯಾಡಿಬಿ. ನಿಮ್ಮ ಲ್ಯಾಬ್ ಪ್ರೋಗ್ರಾಂಗಳಿಗೆ ಇದರಿಂದ ವ್ಯತ್ಯಾಸ ಆಗುವುದಿಲ್ಲ. ಆದರೆ ಎರಡರ ಡೇಟಾ ಫೋಲ್ಡರ್ ಬೇರೆ ಬೇರೆ, ಒಂದರದ್ದನ್ನು ಇನ್ನೊಂದಕ್ಕೆ ಕಾಪಿ ಮಾಡಲೇಬೇಡಿ.

ಅದೇ ಸರ್ವಿಸಸ್ ಪಟ್ಟಿಯಲ್ಲಿ "ಮೈಎಸ್‌ಕ್ಯೂಎಲ್80" ಹುಡುಕಿ, ಅದಕ್ಕೂ ಮ್ಯಾನ್ಯುಯಲ್, ಸ್ಟಾಪ್. ಹಳೇ ಡಿಬಿಎಂಎಸ್ ಕೆಲಸ ಬೇಕಾದಾಗ ಎಕ್ಸಾಂಪ್‌ನ ಮೈಎಸ್‌ಕ್ಯೂಎಲ್ ನಿಲ್ಲಿಸಿ ಇದನ್ನು ಸ್ಟಾರ್ಟ್ ಮಾಡಿಕೊಳ್ಳಿ.

ಮಂಡಕ್ಕಿಮಿರ್ಚಿ

ಇಷ್ಟೆಲ್ಲ ಯಾಕ್ರೀ, ಅಪಾಚೆ ಪೋರ್ಟ್ 8080 ಮಾಡಿದರೆ ಮುಗೀತಲ್ಲ? ನಮ್ಮ ಕಾಲೇಜು ಲ್ಯಾಬ್‌ನಲ್ಲಿ ಹಾಗೇ ಮಾಡಿದ್ದಾರೆ. ಮೈಎಸ್‌ಕ್ಯೂಎಲ್‌ಗಂತೂ ಡೇಟಾ ಫೋಲ್ಡರ್ ಡಿಲೀಟ್ ಮಾಡಿ ಬ್ಯಾಕಪ್ ಫೋಲ್ಡರ್ ಹಾಕಿದರೆ ಓಡುತ್ತೆ, ವಿಡಿಯೋದಲ್ಲಿ ನೋಡಿದ್ದೆ.

ತುಂಗಾತೀರ

ಪೋರ್ಟ್ ಬದಲಾಯಿಸುವುದು ತಪ್ಪಲ್ಲ. ಲ್ಯಾಬ್ ಕಂಪ್ಯೂಟರ್‌ನಲ್ಲಿ ಸರ್ವಿಸ್ ನಿಲ್ಲಿಸಲು ಅಡ್ಮಿನ್ ಪಾಸ್‌ವರ್ಡ್ ಇರುವುದಿಲ್ಲ, ಅಲ್ಲಿ ಅದೇ ದಾರಿ. ಆದರೆ 8080 ಬೇಡ. ಎಕ್ಸಾಂಪ್‌ನ ಟಾಮ್‌ಕ್ಯಾಟ್‌ಗೂ (ಜಾವಾ ವೆಬ್ ಸರ್ವರ್) ಅದೇ ಬೇಕು, ಹಳೇ ಒರಾಕಲ್ ಎಕ್ಸ್‌ಪ್ರೆಸ್ ಎಡಿಷನ್ ಇರುವ ಕಂಪ್ಯೂಟರ್‌ಗಳಲ್ಲಿ ಅದರ ವೆಬ್ ಪುಟವೂ 8080ರಲ್ಲೇ ಇರುತ್ತದೆ. 8081 ಇಟ್ಟುಕೊಳ್ಳಿ. ಅಪಾಚೆ ಸಾಲಿನ "ಕಾನ್ಫಿಗ್" ಒತ್ತಿ, ಪಟ್ಟಿಯ ಮೊದಲ ಫೈಲ್ ತೆರೆದು "ಲಿಸನ್ 80" ಇರುವಲ್ಲಿ 8081 ಮಾಡಿ, "ಸರ್ವರ್‌ನೇಮ್" ಸಾಲಿನಲ್ಲೂ 80 ತೆಗೆದು 8081 ಹಾಕಿ. ಸಾಲಿನ ಮೊದಲು ಹ್ಯಾಶ್ ಗುರುತು ಇದ್ದರೆ ಅದು ಬರೀ ಟಿಪ್ಪಣಿ, ಅದನ್ನು ಮುಟ್ಟಬೇಡಿ. ಪ್ಯಾನೆಲ್ ಮೇಲಿನ ಮೂಲೆಯ ಕಾನ್ಫಿಗ್‌ನಲ್ಲಿ "ಸರ್ವಿಸ್ ಅಂಡ್ ಪೋರ್ಟ್ ಸೆಟ್ಟಿಂಗ್ಸ್" ಒಳಗೂ ಬದಲಾಯಿಸಿ, ಇಲ್ಲದಿದ್ದರೆ ಪ್ಯಾನೆಲ್ ಹಳೇ 80 ಅನ್ನೇ ನೋಡಿ ಬೈಯುತ್ತಿರುತ್ತದೆ. ಅಲ್ಲಿಂದ ಮುಂದೆ ವಿಳಾಸದಲ್ಲಿ ಪ್ರತಿ ಸಲ ಲೋಕಲ್‌ಹೋಸ್ಟ್ ನಂತರ ಕೋಲನ್ 8081 ಹಾಕಲೇಬೇಕು. ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಅದೊಂದು ಕಿರಿಕಿರಿ ಯಾಕೆ?

ಇನ್ನು ಡೇಟಾ ಫೋಲ್ಡರ್ ಡಿಲೀಟ್ ಮಾಡುವ ಸಲಹೆ. ಇದನ್ನು ದಯವಿಟ್ಟು ಯಾರೂ ಯಾರಿಗೂ ಕೊಡಬೇಡಿ. ಆ ಫೋಲ್ಡರ್ ಅಂದರೆ ನಿಮ್ಮ ಡೇಟಾಬೇಸ್ ಪೂರ್ತಿ. ಪ್ರಾಜೆಕ್ಟ್ ಸಬ್ಮಿಟ್ ಮಾಡುವ ಹಿಂದಿನ ರಾತ್ರಿ ಇದನ್ನು ಮಾಡಿ ಅಳುತ್ತಾ ಬರೆದವರನ್ನು ನೋಡಿದ್ದೇನೆ. ಪೋರ್ಟ್ ಜಗಳಕ್ಕೂ ಡೇಟಾ ಫೋಲ್ಡರ್‌ಗೂ ಸಂಬಂಧವೇ ಇಲ್ಲ. ಪೋರ್ಟ್ ಖಾಲಿ ಇದ್ದೂ ಮೈಎಸ್‌ಕ್ಯೂಎಲ್ ನಿಲ್ಲುತ್ತಿದ್ದರೆ ಮಾತ್ರ ಆ ಕಡೆ ಹೋಗಬೇಕು, ಅದೂ ಅದರ ಸಾಲಿನ "ಲಾಗ್ಸ್" ಒತ್ತಿ ಎರರ್ ಲಾಗ್ ಓದಿದ ಮೇಲೆ. ಆಗಲೂ ಡಿಲೀಟ್ ಅಲ್ಲ, ಹೆಸರು ಬದಲಿಸಿ ಪಕ್ಕಕ್ಕಿಡಬೇಕು. ಬ್ಯಾಕಪ್ ಫೋಲ್ಡರ್‌ನ ಕಾಪಿಯನ್ನು ಅದರ ಜಾಗಕ್ಕೆ ಹಾಕಿ, ಹಳೆಯದರಿಂದ ನಿಮ್ಮ ಡೇಟಾಬೇಸ್ ಫೋಲ್ಡರ್‌ಗಳ ಜೊತೆ "ಐಬಿಡೇಟಾ1" ಫೈಲನ್ನೂ ತರಬೇಕು. ವಿಡಿಯೋಗಳಲ್ಲಿ ಈ ಕೊನೆಯ ಫೈಲ್ ಬಿಟ್ಟುಬಿಡುತ್ತಾರೆ. ಆಮೇಲೆ ಟೇಬಲ್ ಹೆಸರು ಕಾಣುತ್ತದೆ, ತೆರೆದರೆ "ಡಸಂಟ್ ಎಕ್ಸಿಸ್ಟ್ ಇನ್ ಎಂಜಿನ್" ಅನ್ನುತ್ತದೆ.

ಏಲಕ್ಕಿಹಾರ

ಸರ್, ಅಣ್ಣನಿಗೆ ಫೋನ್ ಮಾಡಿ ಕೇಳಿದೆ, ಐಐಎಸ್ ಬೇಡ ಅಂದರು. ತೆಗೆದು ರೀಸ್ಟಾರ್ಟ್ ಮಾಡಿದ ಮೇಲೆ ಅಪಾಚೆ ಹಸಿರಾಯಿತು! ಮೈಎಸ್‌ಕ್ಯೂಎಲ್80 ಇನ್ನೂ ನಿಲ್ಲಿಸಿಲ್ಲ, ಅದಕ್ಕಿಂತ ಮುಂಚೆ ಪಿಎಚ್‌ಪಿ ಮೈ ಅಡ್ಮಿನ್ (ಬ್ರೌಸರ್‌ನಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಪುಟ) ತೆರೆದು ನೋಡಿದೆ. "ಆಕ್ಸೆಸ್ ಡಿನೈಡ್ ಫಾರ್ ಯೂಸರ್ ರೂಟ್, ಯೂಸಿಂಗ್ ಪಾಸ್‌ವರ್ಡ್ ನೋ" ಅಂತ ಬರುತ್ತಿದೆ. ಎಕ್ಸಾಂಪ್‌ನ ರೂಟ್‌ಗೆ (ಡೇಟಾಬೇಸ್‌ನ ಮುಖ್ಯ ಯೂಸರ್) ಪಾಸ್‌ವರ್ಡ್ ಇಲ್ಲ ಅಂತ ಮೇಡಂ ಹೇಳಿದ್ದರು. ಪಾಸ್‌ವರ್ಡ್ ರೀಸೆಟ್ ಮಾಡಬೇಕಾ?

ತುಂಗಾತೀರ

ಏನೂ ರೀಸೆಟ್ ಮಾಡಬೇಡಿ. ಮೇಡಂ ಹೇಳಿದ್ದು ಸರಿ, ಎಕ್ಸಾಂಪ್‌ನ ರೂಟ್‌ಗೆ ಶುರುವಿನಲ್ಲಿ ಪಾಸ್‌ವರ್ಡ್ ಇರುವುದಿಲ್ಲ. ಈಗ ಉತ್ತರ ಕೊಡುತ್ತಿರುವುದು ಎಕ್ಸಾಂಪ್ ಅಲ್ಲ. ಪಿಎಚ್‌ಪಿ ಮೈ ಅಡ್ಮಿನ್ 3306ಕ್ಕೆ ಹೋಗಿ ಕೇಳಿದೆ, ಅಲ್ಲಿ ಇರುವುದು ನಿಮ್ಮ ಡಿಬಿಎಂಎಸ್ ಲ್ಯಾಬ್‌ನ ಸರ್ವರ್. ಅದನ್ನು ಹಾಕುವಾಗ ನೀವು ರೂಟ್‌ಗೆ ಪಾಸ್‌ವರ್ಡ್ ಕೊಟ್ಟಿದ್ದೀರಿ. ಅದಕ್ಕೇ ಒಳಗೆ ಬಿಡುತ್ತಿಲ್ಲ. ಮೈಎಸ್‌ಕ್ಯೂಎಲ್80 ನಿಲ್ಲಿಸಿ, ಎಕ್ಸಾಂಪ್‌ನದ್ದನ್ನು ಸ್ಟಾರ್ಟ್ ಮಾಡಿ. ಅದೇ ಪುಟ ಪಾಸ್‌ವರ್ಡ್ ಕೇಳದೆ ತೆರೆಯುತ್ತದೆ.

ಎರಡೂ ಒಟ್ಟಿಗೆ ಓಡಲೇಬೇಕು ಅನ್ನುವವರು ಎಕ್ಸಾಂಪ್‌ನದ್ದನ್ನು 3307ಕ್ಕೆ ಹಾಕಬಹುದು. ಆದರೆ ಮೈಎಸ್‌ಕ್ಯೂಎಲ್ ಸೆಟ್ಟಿಂಗ್‌ಗಳಿರುವ ಮೈ ಡಾಟ್ ಐಎನ್‌ಐ ಫೈಲ್‌ನಲ್ಲಿ ಕ್ಲೈಂಟ್ ಭಾಗ, ಸರ್ವರ್ ಭಾಗ ಎರಡು ಕಡೆ, ಪಿಎಚ್‌ಪಿ ಮೈ ಅಡ್ಮಿನ್‌ನ ಕಾನ್ಫಿಗ್ ಫೈಲ್‌ನಲ್ಲಿ, ಜೊತೆಗೆ ನಿಮ್ಮ ಪ್ರತಿ ಪ್ರೋಗ್ರಾಂನ ಕನೆಕ್ಷನ್ ಸಾಲಿನಲ್ಲಿ ಐದನೆಯ ಜಾಗದಲ್ಲಿ ಪೋರ್ಟ್ ಬರೆಯಬೇಕು. ಮನೆಯ ಕೋಡ್ ಲ್ಯಾಬ್‌ನಲ್ಲಿ ಓಡುವುದಿಲ್ಲ, ಲ್ಯಾಬ್‌ನದ್ದು ಮನೆಯಲ್ಲಿ ಓಡುವುದಿಲ್ಲ. ನಿಮಗೆ ಆ ರಗಳೆ ಬೇಡ.

ಏಲಕ್ಕಿಹಾರ

ಎರಡೂ ಹಸಿರು ಸರ್! ಪಾಸ್‌ವರ್ಡ್ ಕೇಳದೆ ತೆರೆಯಿತು. ಇನ್ನೊಂದೇ ಒಂದು ಪ್ರಶ್ನೆ. ಪ್ರಾಜೆಕ್ಟ್ ಹಾಲು ಡೇರಿ ಲೆಕ್ಕದ್ದು, ರೈತರ ಹೆಸರು ಕನ್ನಡದಲ್ಲೇ ಇರಬೇಕು ಅಂತ ನನ್ನ ಆಸೆ. ಸೀನಿಯರ್ ಒಬ್ಬರ ಹಳೇ ಎಸ್‌ಕ್ಯೂಎಲ್ ಫೈಲ್ ಇಂಪೋರ್ಟ್ ಮಾಡಿ ಹೆಸರು ಸೇರಿಸಿದರೆ, ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತಿದೆ.

ತುಂಗಾತೀರ

ಕನ್ನಡದಲ್ಲೇ ಇರಬೇಕು ಅಂದಿರಲ್ಲ, ಬಹಳ ಖುಷಿಯಾಯಿತು. ಖಂಡಿತ ಆಗುತ್ತದೆ.

ಆ ಎಸ್‌ಕ್ಯೂಎಲ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಪ್ರತಿ ಟೇಬಲ್ ಮುಗಿಯುವ ಸಾಲಿನಲ್ಲಿ "ಡಿಫಾಲ್ಟ್ ಚಾರ್‌ಸೆಟ್ ಲ್ಯಾಟಿನ್1" ಅಂತ ಇದೆಯಾ ನೋಡಿ, ಇರುತ್ತದೆ. ಚಾರ್‌ಸೆಟ್ ಅಂದರೆ ಟೇಬಲ್‌ನಲ್ಲಿ ಯಾವ ಅಕ್ಷರಗಳನ್ನು ಬರೆದಿಡಬಹುದು ಅನ್ನುವ ಪಟ್ಟಿ. ಮೈಎಸ್‌ಕ್ಯೂಎಲ್ ಹುಟ್ಟಿದ್ದು ಸ್ವೀಡನ್ ಕಂಪನಿಯೊಂದರಲ್ಲಿ. ಹಾಗಾಗಿ ಹಳೇ ಆವೃತ್ತಿಗಳಲ್ಲಿ ತಾನಾಗಿ ಸಿಗುತ್ತಿದ್ದದ್ದು ಲ್ಯಾಟಿನ್1, ವಿಂಗಡಣೆಯೂ ಸ್ವೀಡಿಷ್ ಕ್ರಮದ್ದು. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಹಿಡಿಸದ ಪ್ರತಿ ಅಕ್ಷರದ ಬದಲು ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದಿಡುತ್ತದೆ. ತೋರಿಸುವಾಗ ಆದ ಎಡವಟ್ಟಲ್ಲ ಇದು, ಒಳಗೇ ಹಾಗೆ ಬರೆದಾಗಿದೆ. ಆ ಹೆಸರುಗಳನ್ನು ಮತ್ತೆ ಟೈಪ್ ಮಾಡಲೇಬೇಕು.

ಪಿಎಚ್‌ಪಿ ಮೈ ಅಡ್ಮಿನ್‌ನಲ್ಲಿ ಮೊದಲು ಎಕ್ಸ್‌ಪೋರ್ಟ್ ಮಾಡಿ ಒಂದು ಕಾಪಿ ಇಟ್ಟುಕೊಳ್ಳಿ. ಆಮೇಲೆ ಡೇಟಾಬೇಸ್ ಆರಿಸಿ "ಆಪರೇಷನ್ಸ್" ಟ್ಯಾಬ್‌ಗೆ ಹೋಗಿ, ಕೊಲೇಷನ್ (ಅಕ್ಷರಗಳ ವಿಂಗಡಣೆ ಕ್ರಮ) ಜಾಗದಲ್ಲಿ "ಯುಟಿಎಫ್8ಎಂಬಿ4 ಯೂನಿಕೋಡ್ ಸಿಐ" ಆರಿಸಿ. ಅದರ ಕೆಳಗೆ ಎಲ್ಲ ಟೇಬಲ್, ಎಲ್ಲ ಕಾಲಂ ಬದಲಿಸು ಅನ್ನುವ ಎರಡು ಟಿಕ್ ಇವೆ, ಎರಡನ್ನೂ ಹಾಕಿ. ಟಿಕ್ ಹಾಕದಿದ್ದರೆ ಇನ್ನು ಮುಂದೆ ಮಾಡುವ ಟೇಬಲ್‌ಗಳಿಗಷ್ಟೇ ಅನ್ವಯ, ಇರುವವು ಹಾಗೇ ಉಳಿಯುತ್ತವೆ. ನಿಮ್ಮ ಪಿಎಚ್‌ಪಿ ಕೋಡ್‌ನಲ್ಲಿ ಕನೆಕ್ಟ್ ಸಾಲಿನ ಕೆಳಗೇ "ಮೈಎಸ್‌ಕ್ಯೂಎಲ್‌ಐ ಸೆಟ್ ಚಾರ್‌ಸೆಟ್" ಕರೆದು ಯುಟಿಎಫ್8ಎಂಬಿ4 ಕೊಡಿ. ಪುಟದ ಹೆಡ್ ಭಾಗದಲ್ಲಿ ಮೆಟಾ ಚಾರ್‌ಸೆಟ್ ಯುಟಿಎಫ್-8 ಇರಲಿ.

ಸರಿಯಾಯಿತಾ ಅಂತ ಕಣ್ಣಿಂದ ನೋಡಿದರೆ ಸಾಲದು. ಒಂದು ಸಾಲಿನಲ್ಲಿ ಹೆಸರಿನ ಬದಲು "ಕನ್ನಡ" ಅಂತ ಸೇರಿಸಿ, ಆ ಕಾಲಂನ ಲೆಂಗ್ತ್ (ಎಷ್ಟು ಬೈಟ್) ಮತ್ತು ಚಾರ್ ಲೆಂಗ್ತ್ (ಎಷ್ಟು ಚಿಹ್ನೆ) ಎರಡನ್ನೂ ಸೆಲೆಕ್ಟ್ ಮಾಡಿ. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೂ 3 ಬೈಟ್. ಆ ಪದದಲ್ಲಿ ಕ, ನ, ಒತ್ತು ಮಾಡುವ ಹಲಂತ, ಇನ್ನೊಂದು ನ, ಡ ಹೀಗೆ 5 ಚಿಹ್ನೆ. ಲೆಂಗ್ತ್ 15, ಚಾರ್ ಲೆಂಗ್ತ್ 5 ಬಂದರೆ ಸರಿಯಾಗಿ ಕೂತಿದೆ. ಎರಡೂ 5 ಬಂದರೆ ಇನ್ನೂ ಪ್ರಶ್ನಾರ್ಥಕ ಚಿಹ್ನೆಗಳೇ ಕೂತಿವೆ.

ನುಡಿಯಲ್ಲಿ ಟೈಪ್ ಮಾಡುತ್ತೀರಾದರೆ ಯೂನಿಕೋಡ್ ಆಯ್ಕೆಯಲ್ಲೇ ಮಾಡಿ. ಹಳೇ ಫಾಂಟ್ ಅಕ್ಷರಗಳು ಡೇಟಾಬೇಸ್‌ಗೆ ಇಂಗ್ಲಿಷ್ ಅಕ್ಷರಗಳಾಗಿ ಹೋಗುತ್ತವೆ, ಆಮೇಲೆ ಹುಡುಕಲೂ ಬರುವುದಿಲ್ಲ.

ಏಲಕ್ಕಿಹಾರ

15 ಮತ್ತು 5 ಬಂತು ಸರ್! ಹೆಸರುಗಳು ಪುಟದಲ್ಲೂ ಕನ್ನಡದಲ್ಲೇ ಕಾಣುತ್ತಿವೆ. ನನ್ನ ಗೆಳತಿಗೂ ಪಿಐಡಿ 4 ಬರುತ್ತಿದೆಯಂತೆ, ಆದರೆ ಅವಳಿಗೆ ನೀಲಿ ಪುಟ ಬರುತ್ತಿಲ್ಲ.

ತುಂಗಾತೀರ

ಅವರ ಸರ್ವಿಸಸ್ ಪಟ್ಟಿಯಲ್ಲಿ "ಎಸ್‌ಕ್ಯೂಎಲ್ ಸರ್ವರ್ ರಿಪೋರ್ಟಿಂಗ್", "ವೆಬ್ ಡಿಪ್ಲಾಯ್‌ಮೆಂಟ್ ಏಜೆಂಟ್", "ಬ್ರಾಂಚ್‌ಕ್ಯಾಶ್" ಇವುಗಳಲ್ಲಿ ಯಾವುದು "ರನ್ನಿಂಗ್" ಇದೆ ನೋಡಲು ಹೇಳಿ. ಒಂದೊಂದಾಗಿ ನಿಲ್ಲಿಸಿ, ಪ್ರತಿ ಸಲ ನೆಟ್‌ಸ್ಟಾಟ್ ಒತ್ತಿ 80 ಖಾಲಿಯಾಯಿತಾ ನೋಡಲಿ. ಯಾವುದನ್ನು ನಿಲ್ಲಿಸಿದಾಗ ಖಾಲಿಯಾಗುತ್ತದೋ ಅದಕ್ಕೆ ಮಾತ್ರ ಮ್ಯಾನ್ಯುಯಲ್ ಕೊಟ್ಟು, ಉಳಿದವನ್ನು ಮತ್ತೆ ಸ್ಟಾರ್ಟ್ ಮಾಡಲಿ. ಯಾವುದೂ ಅಲ್ಲದಿದ್ದರೆ ಪ್ಯಾನೆಲ್‌ನ ಪೂರ್ತಿ ಸಂದೇಶ, ಮೇಲಿನಿಂದ ಕೆಳಗಿನವರೆಗೆ, ಇಲ್ಲಿ ಹಾಕಲಿ. ನೋಡೋಣ.