ಹಳೇ ಸಿಡಿ ಡಿವಿಡಿ ಮೇಲೆ ಬರ್ದಿರೋದೆಲ್ಲ ಏನು? ಬೂಷ್ಟು ಹಿಡಿದಿದ್ರೆ ಉಳಿಯುತ್ತಾ?

ಪ್ರಶ್ನೆ (ವಿರಾಜಪೇಟೆ):
ಎಲ್ರಿಗೂ ನಮಸ್ಕಾರ. ಬೀರು ಕ್ಲೀನ್ ಮಾಡುವಾಗ ಅಕ್ಕನ ಮದುವೆ, ಪುತ್ತರಿ ವಿಡಿಯೋ ಇರೋ ಡಿಸ್ಕ್ ಒಂದು ಕಟ್ಟು ಸಿಕ್ತು. ನಮ್ಮೂರ ಮಳೆ ಗೊತ್ತಲ್ಲ, ಕೆಲವಕ್ಕೆ ಬೂಷ್ಟು ಹಿಡಿದಿದೆ. ಒಂದರ ಮೇಲೆ ಸಿಡಿ-ಆರ್ 52ಎಕ್ಸ್, ಇನ್ನೊಂದರಲ್ಲಿ ಡಿವಿಡಿ-ಆರ್ 4.7 ಜಿಬಿ, ಒಂದು ಆರ್‌ಡಬ್ಲ್ಯೂ. ಏನಿದೆಲ್ಲ? ಬಟ್ಟೇಲಿ ಉಜ್ಜಬೋದಾ?

ಉತ್ತರ (ಕಂಪ್ಯೂಟರ್ ಸರ್ವೀಸ್, ಮಡಿಕೇರಿ):
ಉಜ್ಬೇಡಿ ಸರ್, ಮೊದ್ಲು ಓದಿ. ಆರ್ ಅಂದ್ರೆ ಒಂದೇ ಸಲ ಬರೆಯೋದು, ಒಳಗೆ ಡೈ ಅಂತ ಒಂದು ಬಣ್ಣದ ಪದರ ಇರುತ್ತೆ, ಬರೆಯೋ ಲೇಸರ್ ಅದನ್ನ ಸುಟ್ಟು ಗುರುತು ಮಾಡುತ್ತೆ, ಬಿಸಿಲು ಸೆಕೆಗೆ ಆ ಡೈ ಕೆಡ್ತಾ ಬರುತ್ತೆ. ಆರ್‌ಡಬ್ಲ್ಯೂನಲ್ಲಿ ಡೈ ಬದಲು ಲೋಹದ ಮಿಶ್ರಣ, ಅಳಿಸಿ ಮತ್ತೆ ಬರೀಬೋದು. ಅಂಗಡೀಲಿ ಸಿಗ್ತಿದ್ದ ಸಿನಿಮಾ ಡಿಸ್ಕ್ ಬೇರೆ, ಅದರಲ್ಲಿ ಸಣ್ಣ ಸಣ್ಣ ತಗ್ಗುಗಳನ್ನ ಅಚ್ಚು ಒತ್ತಿರ್ತಾರೆ. 52ಎಕ್ಸ್ ಬರೆಯೋ ಸ್ಪೀಡು, ಸಿಡಿಗೆ 1ಎಕ್ಸ್ ಅಂದ್ರೆ ಸೆಕೆಂಡಿಗೆ 150 ಕೆಬಿ. ನಿಮಗೀಗ ಅದರಿಂದ ಏನೂ ಆಗ್ಬೇಕಾಗಿಲ್ಲ ಬಿಡಿ.

ಜಾಗ ಹೆಚ್ಚಾಗೋದು ಲೇಸರ್ ಬೆಳಕಿನ ಅಲೆಯ ಉದ್ದದ ಮೇಲೆ. ಸಿಡಿಗೆ 780 ನ್ಯಾನೋಮೀಟರ್, 700 ಎಂಬಿ. ಡಿವಿಡಿಗೆ 650ರ ಕೆಂಪು ಲೇಸರ್, ಒಂದು ಲೇಯರಿಗೆ 4.7 ಜಿಬಿ, ಡಿವಿಡಿ ಆದ್ಮೇಲೆ ಬಂದ ಬ್ಲೂ-ರೇ ಡಿಸ್ಕಿಗೆ 405, 25 ಜಿಬಿ. ಅಲೆ ಸಣ್ಣದಾದಷ್ಟೂ ಗುರುತು ಸಣ್ಣದು, ಸಾಲುಗಳೂ ಹತ್ತಿರ ಹತ್ತಿರ.

ಬೂಷ್ಟಿಗೆ: ಮೆತ್ತಗಿನ ಬಟ್ಟೆ, ನೀರಿಗೆ ಪಾತ್ರೆ ತೊಳೆಯೋ ಸೋಪು ಒಂದು ಹನಿ, ಥಿನ್ನರ್ ಗಿನ್ನರ್ ಬೇಡವೇ ಬೇಡ. ನಡುವಿನ ತೂತಿಂದ ಅಂಚಿಗೆ ನೇರ ಒರೆಸಿ, ಸುತ್ತ ತಿರುಗಿಸಿ ಅಲ್ಲ. ಡೇಟಾ ಒಳಗಿಂದ ಹೊರಗೆ ಸುರುಳಿಯಾಗಿ ಹೋಗಿರುತ್ತೆ, ಅಡ್ಡಕ್ಕೆ ಬಿದ್ದ ಗೀರು ಸಾಲಿಗೆ ಸ್ವಲ್ಪ ಸ್ವಲ್ಪ ಕೆಡಿಸಿದ್ರೆ ಎರರ್ ಕರೆಕ್ಷನ್ (ಓದುವಾಗ ತಪ್ಪು ಸರಿಮಾಡೋ ಏರ್ಪಾಡು) ತುಂಬ್ಕೊಳ್ಳುತ್ತೆ, ಸಾಲಿನ ಉದ್ದಕ್ಕೇ ಗೀಚಿದ್ರೆ ಒಂದೇ ಕಡೆ ತುಂಬಾ ಹೋಗ್ಬಿಡುತ್ತೆ.

ಪ್ರಶ್ನೆ (ಸೋಮವಾರಪೇಟೆ):
ಅಣ್ಣಾ, ನಮ್ದ್ರಲ್ಲಿ ಹೊಳೆಯೋ ಕಡೆ ಕ್ಲೀನಾಗಿದೆ, ಹೆಸರು ಬರ್ದಿರೋ ಕಡೆ ಬೆಳ್ಳಿ ಬಣ್ಣ ಎದ್ದಿದೆ. ಪರ್ವಾಗಿಲ್ವಾ?

ಉತ್ತರ:
ಸಿಡಿ ಆಗಿದ್ರೆ ಅದೇ ಅಪಾಯ ಕಣಪ್ಪಾ. ಎಲ್ರೂ ಹೊಳೆಯೋ ಕಡೇನೇ ಜೋಪಾನ ಮಾಡ್ತಾರೆ, ಆದ್ರೆ ಅಲ್ಲಿ ಒಂದು ಮಿಲಿಮೀಟರಿಗೂ ದಪ್ಪ ಪ್ಲಾಸ್ಟಿಕ್ ಇದೆ, ಗೀರಿದ್ರೆ ಪಾಲಿಶ್ ಮಾಡ್ಬೋದು. ಲೇಬಲ್ ಕಡೆ ತೆಳ್ಳಗೆ ಲ್ಯಾಕರ್ ಅಷ್ಟೇ, ಅದರ ಕೆಳಗೇ ಬೆಳ್ಳಿ ಪದರ, ಎದ್ದುಹೋದ ಜಾಗದ ಡೇಟಾ ಹೋದಂಗೇ. ಒರೆಸ್ದೇ ಇವತ್ತೇ ಕಾಪಿಗೆ ಹಾಕು. ಡಿವಿಡಿಲಿ ಈ ಕಷ್ಟ ಕಮ್ಮಿ, ಡೇಟಾ ಎರಡು ಪ್ಲಾಸ್ಟಿಕ್ ನಡುವೆ ಇರುತ್ತೆ.

ಪ್ರಶ್ನೆ (ಕುಶಾಲನಗರ):
ಹ್ಯಾಂಡಿಕ್ಯಾಮ್‌ದು ಚಿಕ್ಕ ಡಿವಿಡಿ ಇದೆ, ಕ್ಯಾಮರಾದಲ್ಲಿ ಓಡುತ್ತೆ, ಕಂಪ್ಯೂಟರಲ್ಲಿ ಖಾಲಿ ಅನ್ನುತ್ತೆ ಸರ್.

ಉತ್ತರ:
ಫೈನಲೈಸ್ ಮಾಡಿರಲ್ಲ ಮೇಡಂ. ಬರೆದು ಮುಗೀತು ಅಂತ ಡಿಸ್ಕನ್ನ ಮುಚ್ಚೋ ಕೆಲಸ ಅದು, ಕ್ಯಾಮರಾ ಮೆನೂಲೇ ಆಪ್ಷನ್ ಇರುತ್ತೆ, ಚಾರ್ಜರ್ ಹಾಕಿಟ್ಟು ಮಾಡಿ, ಮಧ್ಯದಲ್ಲಿ ಕರೆಂಟ್ ಹೋದ್ರೂ ಬ್ಯಾಟರಿ ಇರ್ಬೇಕು. ಟ್ರೇ ಇರೋ ಡ್ರೈವಲ್ಲೇ ಹಾಕಿ, ಸೀಳಲ್ಲಿ ತೂರಿಸೋ ಡ್ರೈವಿಗೆ ಚಿಕ್ಕದು ಹಾಕಿದ್ರೆ ಸಿಕ್ಕಾಕೊಳ್ಳುತ್ತೆ.

ಪ್ರಶ್ನೆ (ವಿರಾಜಪೇಟೆ):
ಥ್ಯಾಂಕ್ಸ್ ಸರ್. ಲ್ಯಾಪ್‌ಟಾಪಲ್ಲಿ ಡ್ರೈವೇ ಇಲ್ವಲ್ಲ?

ಉತ್ತರ:
ಯುಎಸ್‌ಬಿ ಡಿವಿಡಿ ರೈಟರ್ ಸಿಗುತ್ತೆ. ಮದುವೆದು ವಿಸಿಡಿ (ಸಿಡೀಲಿ ಹಾಕಿರೋ ವಿಡಿಯೋ) ಆಗಿದ್ರೆ ಒಳಗೆ ಡ್ಯಾಟ್ ಫೈಲ್ ಇರುತ್ತೆ, ಡಿವಿಡಿ ಆದ್ರೆ ವಿಒಬಿ, ಹಾರ್ಡ್ ಡಿಸ್ಕಿಗೆ ಹಾಕ್ಕೊಂಡು ವಿಎಲ್‌ಸಿ ಅನ್ನೋ ವಿಡಿಯೋ ಪ್ಲೇಯರಲ್ಲಿ ನೋಡಿ. ಕಾಪಿ ಮಧ್ಯೆ ನಿಂತ್ರೆ ಬೇರೆ ಡ್ರೈವಲ್ಲಿ ಟ್ರೈ ಮಾಡಿ, ಒಂದು ಓದದೇ ಇದ್ದಿದ್ದನ್ನ ಇನ್ನೊಂದು ಓದುತ್ತೆ.