ಮದ್ದೂರಲ್ಲಿ ಇಳಿದ ಗಂಟು

ಹಲೋ... ಈ ರೆಕಾರ್ಡಿಂಗು ಓಡ್ತಾ ಅದಾ? ಕೆಂಪಗೆ ಕಾಣ್ತಾ ಅದೆ, ಓಡ್ತಾ ಇರಬೇಕು. ಸವಿತಾ, ನೋಡವ್ವ, ರಾತ್ರಿ ನೀನು ಮನೆಯೋರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದನ್ನ ಈಗ ನೋಡ್ದೆ. ನಿನ್ನ ಕೂಸು ಪಿಯುಸಿ ಮುಗಿಸಿ ಮೈಸೂರಲ್ಲಿ ಫೊರೆನ್ಸಿಕ್ ಸೈನ್ಸೇ ಓದ್ತೀನಿ ಅಂತ ಹಟ ಹಿಡಿದವ್ಳೆ, ಹೆಣ ಕುಯ್ಯೋ ಕೆಲಸನಾ ದೊಡ್ಡಪ್ಪ, ನಾಳೆ ಗಂಡಿನ ಕಡೆಯೋರು ಒಪ್ತಾರಾ, ಕೆಲಸ ಸಿಕ್ತದಾ ಅಂತ ಕೇಳಿದ್ದೀಯ. ಅದರ ಕೆಳಗೆ ಆರು ಜನ ಕೈಮುಗಿಯೋ ಚಿತ್ರ ಹಾಕವ್ರೆ. ಒಬ್ಬರೂ ಉತ್ತರ ಹೇಳಿಲ್ಲ.

ಹೆಣ ಕುಯ್ಯೋರು ಡಾಕ್ಟ್ರು ಕಣವ್ವ. ಎಂಬಿಬಿಎಸ್ ಮಾಡಿ, ಆಮ್ಯಾಲೆ ಅದರಲ್ಲೇ ಎಂಡಿ ಮಾಡ್ದೋರು. ಕೂಸು ಓದೋದು ಬ್ಯಾರೆ. ರಕ್ತ, ವಿಷ, ಕೂದಲು, ಬೆರಳಚ್ಚು, ಕಳ್ಳ ಸಹಿ, ಬಂದೂಕಿನ ಗುಂಡು, ಈಗ ಮೊಬೈಲೂ ಸೇರ್ಕೊಂಡದೆ. ವಿಷದ ಕೇಸಲ್ಲಿ ಜಠರ, ಈಲಿ ಎಲ್ಲಾ ಉಪ್ಪುನೀರಿನ ಬಾಟಲಿಲಿ ಬರ್ತದೆ, ಅದನ್ನ ಮುಟ್ಟಬೇಕಾಯ್ತದೆ, ಇಲ್ಲ ಅನ್ನಾಕಿಲ್ಲ. ನಾನು ಅಂಥ ಬಾಟಲಿ ಬಸ್ಸಲ್ಲಿ ತೊಡೆ ಮ್ಯಾಲೆ ಇಟ್ಕೊಂಡು ಹೋಗಿದ್ದೀನಿ. ಪಕ್ಕದಲ್ಲಿ ಕೂತ ಯಜಮಾನ್ರು ಉಪ್ಪಿನಕಾಯಾ ಸ್ವಾಮಿ ಅಂತ ಕೇಳವ್ರೆ. ನಿಂಗೆ ಹೆಣದ ಭಯ. ನಂಗೆ ದಾರೀದು.

1985. ನೀನು ಹುಟ್ಟಿದ ವರ್ಷ. ನಾನಿನ್ನೂ ಪಿಸಿ, ಪೊಲೀಸ್ ಪೇದೆ. ನಾಲೆ ನೀರಿನ ಜಗಳದಲ್ಲಿ ಒಬ್ಬನ ತಲೆಗೆ ಮಚ್ಚು ಬಿದ್ದು, ಹೋಗ್ಬಿಟ್ಟ. ಆರೋಪಿ ಪಂಚೆ ಮ್ಯಾಲೆ ರಕ್ತ. ಠಾಣೆ ಬರವಣಿಗೆ ನೋಡ್ಕೊಳ್ಳೋ ನಮ್ಮ ರೈಟರ್ರು ಬಲು ಶಿಸ್ತಿನ ಮನುಷ್ಯ, ಒದ್ದೆ ಪಂಚೇನ ಠಾಣೆ ಹಿಂದಿನ ಜಗಲೀಲಿ ನೆರಳಲ್ಲೇ ಒಣಗಿಸಿದ್ರು. ಹಸೀದನ್ನ ಪ್ಲಾಸ್ಟಿಕ್ಕಿಗೆ ತುರುಕಿದ್ರೆ ಬೂಷ್ಟು ಹಿಡಿದು ರಕ್ತ ಕೆಟ್ಟೋಯ್ತದೆ, ಕಾಗದದಲ್ಲೇ ಸುತ್ತಬೇಕು. ಸುತ್ತಿ, ಮ್ಯಾಲೆ ಬಿಳೀ ಬಟ್ಟೆ ಹೊಲಿದು, ಹೊಲಿಗೆ ಮ್ಯಾಲೆ ಐದು ಕಡೆ ಅರಗು ಹಾಕಿ ಮುದ್ರೆ ಒತ್ತಿದ್ರು. ಅದೇ ಮುದ್ರೇನ ಬ್ಯಾರೆ ಹಾಳೇಲೂ ಒತ್ತಿ, ನಮೂನೆ ಅಂತ ನನ್ನ ಕೈಗೆ ಕೊಟ್ರು. ಲ್ಯಾಬಿನೋರು ಎರಡನ್ನೂ ತಾಳೆ ನೋಡ್ತಾರೆ. ಬೆಂಗಳೂರಿಗೆ ಹೋಗಿ ಕೊಟ್ಟು, ರಸೀದಿ ತಗೊಂಡು ಬಾ ಅಂದ್ರು. ಅಷ್ಟೇ ಕೆಲಸ.

ಅವತ್ತೇ ನಿನ್ನ ನಾಮಕರಣ, ಮದ್ದೂರಲ್ಲಿ, ನಿಮ್ಮ ತಾತನ ಮನೇಲಿ. ಬಸ್ಸು ಹೆಂಗೂ ಮದ್ದೂರ ಮ್ಯಾಲೇ ಹೋಗ್ತದೆ. ಮಳೆ ಬ್ಯಾರೆ. ಒಂದು ಗಳಿಗೆ ಕೂಸಿನ ಮುಖ ನೋಡ್ಕೊಂಡು ಮುಂದಿನ ಬಸ್ಸು ಹಿಡಿಯವಾ ಅಂತ ಇಳಿದೆ. ನಿಮ್ಮಪ್ಪ ಬಿಡಲಿಲ್ಲ. ಅಣ್ಣ, ಒಬ್ಬಟ್ಟು ಬೇಯ್ತಾ ಅವೆ, ಬೆಳಗ್ಗೆ ಎದ್ದು ಹೋಗು ಅಂದ. ಉಳ್ಕಂಡೆ. ಚೀಲ ಮಳೇಲಿ ನೆಂದಿತ್ತು. ನಿಮ್ಮಜ್ಜಿ, ಪುಣ್ಯಾತ್ಗಿತ್ತಿ, ಬೀಗರ ಚೀಲ ಒದ್ದೆ ಆಗಿದೆಯಲ್ಲ ಅಂತ ನನ್ನ ಕೇಳ್ದೆ ತಗೊಂಡೋಗಿ ಬಚ್ಚಲ ಹಂಡೆ ಒಲೆ ಪಕ್ಕ ಇಟ್ಟವ್ರೆ. ಬೆಳಗ್ಗೆ ನೋಡ್ತೀನಿ, ಒಲೆ ಕಡೆಗಿದ್ದ ಅರಗು ಕರಗಿ, ಮುದ್ರೆ ಅಳಿಸಿ, ಕೆಂಪಗೆ ದೋಸೆ ಹುಯ್ದಂಗೆ ಹರ್ಡ್ಕೊಂಡದೆ. ಬಟ್ಟೆ ಹರಿದಿಲ್ಲ, ಹೊಲಿಗೆ ಬಿಚ್ಚಿಲ್ಲ. ಒಳಗಿನ ಪಂಚೆ ಇದ್ದಂಗೇ ಅದೆ. ಆದ್ರೆ ಯಾರು ನಂಬ್ತಾರೆ?

ಲ್ಯಾಬಿನೋರು ತಗೊಂಡ್ರು. ತಗೊಂಡು, ನಾಕು ಮುದ್ರೆ ತಾಳೆ ಅವೆ, ಒಂದು ಕರಗಿದೆ ಅಂತ ಬರೆದು ರಸೀದಿ ಕೊಟ್ರು. ರಿಪೋರ್ಟೂ ಬಂತು, ಮನುಷ್ಯನ ರಕ್ತವೇ ಅಂತ. ಎರಡು ವರ್ಷ ಆದ್ಮೇಲೆ ಕೋರ್ಟಲ್ಲಿ ಆರೋಪಿ ಕಡೆ ವಕೀಲ್ರು ಎದ್ರು. ನನ್ನ ಪಾಸ್‌ಪೋರ್ಟಲ್ಲಿ, ಅಂದ್ರೆ ಡ್ಯೂಟಿ ಮ್ಯಾಲೆ ಹೊರಗೆ ಹೋಗೋ ಪೊಲೀಸ್ನೋರಿಗೆ ಠಾಣೇಲಿ ಕೊಡೋ ಚೀಟೀಲಿ, ಠಾಣೆ ಬಿಟ್ಟ ತಾರೀಕು, ಲ್ಯಾಬಿನ ಸೀಲಲ್ಲಿ ಮಾರನೇ ದಿನದ ತಾರೀಕು. ನಡುವಿನ ರಾತ್ರಿ ಗಂಟು ಎಲ್ಲಿತ್ತು ಅಂದ್ರು. ನಾನು ತಡವರಿಸ್ದೆ. ಮದ್ದೂರು ವಡೆ ತಿನ್ನಾಕೆ ಇಳಿದಿದ್ರಾ ಅಂದ್ರು. ಕೋರ್ಟೆಲ್ಲಾ ನಕ್ಕಂತು. ಆ ಕೇಸಲ್ಲಿ ಆಸಾಮಿ ಬಿಡುಗಡೆ ಆದ. ಸತ್ತೋನ ತಾಯಿ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ಲು, ನಾನು ಅವಳ ಮುಂದೆ ಹಾದು ಸೈಕಲ್ ತಗೋಬೇಕಾಗಿತ್ತು. ತಗೊಳ್ಳಲಿಲ್ಲ. ಹಿಂದಿನ ಗೇಟಿಂದ ನಡ್ಕೊಂಡೇ ಹೋದೆ.

ಅದಕ್ಕೇ ಹೇಳೋದು, ಕೂಸಿಗೆ ಕೇಳಿಸು ಇದನ್ನ. ದಾರೀಲಿ ಇಳೀಬಾರ್ದು. ಮಿಷನ್ನು ಎಷ್ಟೇ ದೊಡ್ಡದಿರಲಿ, ಈಗೇನೋ ಡಿಎನ್‌ಎ ಅಂತಾರೆ, ಬರೀ ಕೂದಲ ಬುಡದಲ್ಲೇ ಯಾರು ಅಂತ ಹೇಳ್ತದೆ. ಆ ಕೂದಲು ಯಾರ ಕೈಯಿಂದ ಯಾರ ಕೈಗೆ, ಎಷ್ಟು ಗಂಟೆಗೆ ಹೋಯ್ತು ಅಂತ ಬರೆದಿಲ್ಲ ಅಂದ್ರೆ ವಕೀಲ್ರಿಗೆ ಹಬ್ಬ. ದಾರೀಲಿ ಮಾತ್ರ ಇಳೀಬಾರ್ದು ಕಣವ್ವ, ತಮ್ಮನ ಮಗಳ ನಾಮಕರಣ ಆದ್ರೂ ಅಷ್ಟೇಯ.

ಇಲಾಖಾ ವಿಚಾರಣೆ ಆಯ್ತು, ಒಂದು ಇಂಕ್ರಿಮೆಂಟು ಕಟ್ ಆಯ್ತು. ಒಬ್ಬಟ್ಟು ತಿಂದೋರು ಊರೆಲ್ಲಾ, ಮೆಮೊ ಓದ್ದೋನು ನಾನೊಬ್ಬ. ನಿಮ್ಮಪ್ಪ ಇವತ್ತಿನವರೆಗೂ, ಅಣ್ಣ ನನ್ನಿಂದ ನಿಂಗೆ ಹಿಂಗಾಯ್ತಲ್ಲ ಅಂತ ಒಂದು ಮಾತು ಆಡಿಲ್ಲ. ಗ್ರೂಪಲ್ಲೇ ಅವ್ನೆ, ಕೇಳಿಸ್ಕೊಳ್ಳಲಿ. ಅದು ಹೋಗ್ಲಿ, ಹೋದ ವರ್ಷ ಗೃಹಪ್ರವೇಶದ ಪತ್ರಿಕೇಲಿ ನನ್ನ ಹೆಸರಿನ ಮುಂದೆ ಏನು ಹಾಕ್ಸಿದ್ದ? ನಿವೃತ್ತ ಪೇದೆ. ನಾನು ದಫೇದಾರ್, ಅಂದ್ರೆ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಿ ಆದೋನು. ತೋಳ ಮ್ಯಾಲೆ ಮೂರು ಪಟ್ಟಿ ಇತ್ತು. ಅವನ ಷಡ್ಡಕನಿಗೆ ಮಾತ್ರ ಸಮಾಜ ಸೇವಕರು ಅಂತೆ. ಯಾವ ಸಮಾಜಕ್ಕೆ ಏನು ಸೇವೆ ಮಾಡವ್ನೆ, ಗ್ರೂಪಲ್ಲಿ ಯಾರಾದ್ರೂ ಹೇಳಿ.

ಅಯ್ಯೋ, ನೀನು ಕೇಳಿದ್ದೇ ಮರ್ತೆ. ಕೆಲಸ ಅದೆ ಕಣವ್ವ. 2024ರ ಜುಲೈ 1ರಿಂದ ಹೊಸ ಕಾನೂನು ಬಂದದೆ. ಏಳು ವರ್ಷ, ಅದಕ್ಕೆ ಮೇಲ್ಪಟ್ಟು ಶಿಕ್ಷೆ ಇರೋ ಕೇಸಿಗೆ ವಿಧಿವಿಜ್ಞಾನದೋರು, ಅಂದ್ರೆ ಈ ಫೊರೆನ್ಸಿಕ್‌ನೋರೇ, ಸ್ಥಳಕ್ಕೆ ಹೋಗಲೇಬೇಕು. ಅದನ್ನ ಜಾರಿಗೆ ತರಾಕೆ ರಾಜ್ಯಗಳಿಗೆ ಐದು ವರ್ಷ ಟೈಮ್ ಕೊಟ್ಟವ್ರೆ. ಜನ ಬೇಕಾಯ್ತದೆ. ಮೈಸೂರಲ್ಲೇ ಪ್ರಾದೇಶಿಕ ಲ್ಯಾಬ್ ಅದೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸೂ ಅದೆ, ಅದಕ್ಕೆ ಎಂಟ್ರೆನ್ಸ್ ಬರೀಬೇಕು, ಅದನ್ನೂ ಬರೀಲಿ. ಬರೀ ಬಿಎಸ್ಸಿಗೆ ನಿಲ್ಲಿಸಬ್ಯಾಡ, ಎಂಎಸ್ಸಿ ಬೇಕು. ವಿಷದ ವಿಭಾಗದಲ್ಲಿ ಕೆಮಿಸ್ಟ್ರಿ ಓದ್ದೋರನ್ನ ಕೇಳ್ತಾರೆ, ಅದಕ್ಕೆ ಕೋರ್ಸಲ್ಲಿ ಕೆಮಿಸ್ಟ್ರಿ ಅದಾ ನೋಡ್ಕೊ. ಕಾಲೇಜಿನ ಬೋರ್ಡು ನೋಡಿ ದುಡ್ಡು ಕಟ್ಟಬ್ಯಾಡ. ಲ್ಯಾಬಿನ ಬೀಗ ತೆಗೆಸಿ ಒಳಗೆ ಹೋಗಿ ನೋಡು. ಮೈಕ್ರೋಸ್ಕೋಪ್ ಮ್ಯಾಲೆ ಹೊದಿಸಿರೋ ಬಟ್ಟೆ ಎಷ್ಟು ದಿನದ ಧೂಳು ಹೊತ್ಕೊಂಡದೆ ಅಂತ ಬೆರಳಲ್ಲಿ ಒರೆಸಿ ನೋಡಿದ್ರೆ ಸಾಕು.

ಇನ್ನೊಂದು. ಕಾಲೇಜಿಗೆ ಸೇರಿಸೋವಾಗ ಕೂಸಿನ ಒರಿಜಿನಲ್ ಅಂಕಪಟ್ಟಿ ಕೇಳ್ತಾರೆ. ನೋಡಿ ವಾಪಸ್ ಕೊಡಬೇಕು, ಇಟ್ಕೊಳ್ಳಂಗಿಲ್ಲ ಅಂತ ಕಾಲೇಜುಗಳಿಗೆ ನಿಯಮ ಹಾಕೋ ಯುಜಿಸಿ 2018ರಲ್ಲೇ ಹೇಳಿದೆ. ಇಲ್ಲೇ ಬಿಟ್ಟೋಗಿ ಅಂದ್ರೆ ರಸೀದಿ ಕೇಳು, ಯಾರ ಕೈಗೆ ಕೊಟ್ಟೆ, ಎಷ್ಟು ಗಂಟೆಗೆ ಕೊಟ್ಟೆ, ಬರ್ಕೊ. ಮಂಗಳವಾರ ನಾನೂ ಬರ್ತೀನಿ. ಮಂಡ್ಯದಲ್ಲಿ ಹತ್ತಿದ್ರೆ ಮೈಸೂರಲ್ಲೇ ಇಳಿಯೋದು. ಶ್ರೀರಂಗಪಟ್ಟಣದಲ್ಲಿ ಅತ್ತೆ ಮನೆ ಅದೆ ಅಂತ ಶುರು ಮಾಡಬ್ಯಾಡ.