ಫೋನಿನಲ್ಲಿ ಜೂಲ್ಸ್ ವರ್ನ್: ತೇಲುವ ಉಕ್ಕಿನ ಲೆಕ್ಕ ಸರಿಯೇ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ದಿನವೂ ಬಸ್ಸಿನಲ್ಲಿ ಸಿಗುವ ಮುಕ್ಕಾಲು ಗಂಟೆಯಲ್ಲಿ ಫ್ರೆಂಚ್ ಲೇಖಕ ಜೂಲ್ಸ್ ವರ್ನ್ ಅವರ 'ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದಿ ಸೀ' ಕಾದಂಬರಿಯ ಇಂಗ್ಲಿಷ್ ಅನುವಾದವನ್ನು ಫೋನಿನಲ್ಲಿ ಓದುತ್ತಿದ್ದೇನೆ. ಕ್ಯಾಪ್ಟನ್ ನೀಮೋ ತನ್ನ ಜಲಾಂತರ್ಗಾಮಿ ನೌಕೆ ನಾಟಿಲಸ್‌ನ ರಚನೆಯನ್ನು ವಿವರಿಸುವಲ್ಲಿ, ಅದರ ಉಕ್ಕಿನ ತಗಡುಗಳ ಸಾಂದ್ರತೆ ನೀರಿನ ಸಾಂದ್ರತೆಯ 0.7ರಿಂದ 0.8ರಷ್ಟು ಎಂದಿದೆ. ಹಾಗಿದ್ದರೆ ಉಕ್ಕಿನ ತುಂಡು ಬೆಂಡಿನಂತೆ ತೇಲಬೇಕಲ್ಲವೇ? ಪ್ರತಿಯೊಂದನ್ನೂ ಲೆಕ್ಕ ಹಾಕಿ ಬರೆಯುವ ಲೇಖಕರು ಹೀಗೆ ಎಡವಿರಲಾರರು ಎನಿಸಿ ಅಲ್ಲಿಯೇ ನಿಂತಿದ್ದೇನೆ. ಇನ್ನೊಂದು ತೊಂದರೆಯೆಂದರೆ, ನನ್ನಲ್ಲಿರುವುದು ಪಿಡಿಎಫ್ ಪ್ರತಿ. ಅಕ್ಷರ ದೊಡ್ಡದು ಮಾಡಿದರೆ ಪ್ರತಿ ಸಾಲಿಗೂ ಪುಟವನ್ನು ಅತ್ತಿತ್ತ ಎಳೆಯಬೇಕು, ಬಸ್ಸಿನ ಕುಲುಕಾಟದಲ್ಲಿ ಓದಿದ ಸಾಲೇ ತಪ್ಪಿಹೋಗುತ್ತದೆ.

ಉತ್ತರ 1:
ನಿಮ್ಮ ಅನುಮಾನ ಸರಿಯಾಗಿದೆ. ತಪ್ಪು ವರ್ನ್ ಅವರದಲ್ಲ, ಅನುವಾದದ್ದು. ಫ್ರೆಂಚ್ ಮೂಲದಲ್ಲಿ 'ಏಳು, ಹತ್ತರಲ್ಲಿ ಎಂಟು ಪಾಲು' ಎಂಬ ಅರ್ಥದ ಮಾತಿದೆ, ಅಂದರೆ ನೀರಿನ 7.8 ಪಟ್ಟು, ಉಕ್ಕಿನ ಸಾಂದ್ರತೆ ನಿಜಕ್ಕೂ ಅಷ್ಟೇ ಇದೆ. 1870ರ ದಶಕದಲ್ಲಿ ಇಂಗ್ಲಿಷಿಗೆ ತಂದ ಲೂಯಿಸ್ ಮರ್ಸಿಯರ್ ಅದನ್ನು ಹತ್ತರಲ್ಲಿ ಏಳೆಂಟು ಪಾಲು ಎಂದು ಓದಿಕೊಂಡರು. ಇದಕ್ಕಿಂತ ನನಗೆ ಹೆಚ್ಚು ನೋವಾಗುವ ಸಂಗತಿಯೆಂದರೆ, ಆ ಅನುವಾದದಲ್ಲಿ ಮೂಲದ ಸುಮಾರು ಕಾಲು ಭಾಗವೇ ಬಿಟ್ಟುಹೋಗಿದೆ. ವಿಜ್ಞಾನದ ವಿವರಗಳಿಗಾಗಿಯೇ ಓದುವವರಿಗೆ ಇದು ದೊಡ್ಡ ನಷ್ಟ. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಉಚಿತ ಪ್ರತಿಗಳಲ್ಲಿ ಬಹುಪಾಲು ಅದೇ ಹರಿದಾಡುತ್ತದೆ. ಇ-ಪುಸ್ತಕಗಳ ಜಾಲತಾಣವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಎಫ್. ಪಿ. ವಾಲ್ಟರ್ ಅವರ ಪೂರ್ಣ ಅನುವಾದವೂ ಉಚಿತವಾಗಿ ದೊರೆಯುತ್ತದೆ. ಇಳಿಸಿಕೊಳ್ಳುವ ಮೊದಲು ಅನುವಾದಕರ ಹೆಸರನ್ನು ನೋಡಿ. ಹೆಸರೇ ಇಲ್ಲದಿದ್ದರೆ ನೌಕೆಯ ಉದ್ದವನ್ನು ಹುಡುಕಿ: 70 ಮೀಟರ್ ಎಂದಿದ್ದರೆ ವಾಲ್ಟರ್, 232 ಅಡಿ ಎಂದಿದ್ದರೆ ಮರ್ಸಿಯರ್.

ಉತ್ತರ 2:
ಪಿಡಿಎಫ್‌ನಲ್ಲಿ ಪುಟದ ಅಳತೆ ಮೊದಲೇ ನಿಗದಿಯಾಗಿರುತ್ತದೆ, ಅಕ್ಷರಗಳು ಪರದೆಗೆ ಹೊಂದಿಕೊಳ್ಳುವುದಿಲ್ಲ. ಇ-ಪುಸ್ತಕಗಳಿಗೆಂದೇ ಇರುವ ಇಪಬ್ (EPUB) ಮಾದರಿಯ ಪ್ರತಿ ಇಳಿಸಿಕೊಂಡರೆ ಅಕ್ಷರ ಹಿಗ್ಗಿಸಿದಂತೆ ಸಾಲುಗಳು ತಾವಾಗಿಯೇ ಮರುಜೋಡಣೆಯಾಗುತ್ತವೆ. ಕಠಿಣ ಪದದ ಮೇಲೆ ಬೆರಳು ಒತ್ತಿ ಹಿಡಿದರೆ ಎಷ್ಟೋ ಆ್ಯಪ್‌ಗಳಲ್ಲಿ ನಿಘಂಟು ತೆರೆದುಕೊಳ್ಳುತ್ತದೆ. ಆದರೆ ದೂರದ ಹಳೆಯ ಅಳತೆಯಾದ 'ಲೀಗ್' ಪದದ ವಿಷಯದಲ್ಲಿ ಎಚ್ಚರವಿರಲಿ: ಇಂಗ್ಲಿಷ್ ನಿಘಂಟು ಮೂರು ಮೈಲಿ ಎನ್ನುತ್ತದೆ, ವರ್ನ್ ಅವರ ಲೆಕ್ಕದಲ್ಲಿ ಅದು 4 ಕಿಲೋಮೀಟರ್. ಇಪ್ಪತ್ತು ಸಾವಿರ ಲೀಗ್ ಎಂದರೆ 80,000 ಕಿಲೋಮೀಟರ್, ಅಂದರೆ ಭೂಮಿಯ ಸುತ್ತಳತೆಯ ಎರಡರಷ್ಟು. ಅದು ನೌಕೆ ಸಮುದ್ರದೊಳಗೆ ಕ್ರಮಿಸಿದ ದೂರವೇ ಹೊರತು ಇಳಿದ ಆಳವಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನನ್ನ ಪ್ರತಿಯಲ್ಲಿ ಇದ್ದದ್ದು 232 ಅಡಿಯೇ. ವಾಲ್ಟರ್ ಅವರ ಇಪಬ್ ಇಳಿಸಿಕೊಂಡು ಮೊದಲ ಭಾಗದ 13ನೆಯ ಅಧ್ಯಾಯವನ್ನು ತೆರೆದೆ, 7.8 ಎಂದೇ ಇದೆ. ಆಳದ ವಿಷಯದಲ್ಲಿಯೂ ನಾನು ಇಷ್ಟು ದಿನ ತಪ್ಪಾಗಿಯೇ ತಿಳಿದಿದ್ದೆ. ನಾಳೆಯ ಬಸ್ಸಿನಲ್ಲಿ ಮೊದಲ ಅಧ್ಯಾಯದಿಂದ ಮತ್ತೆ ಆರಂಭಿಸುತ್ತೇನೆ.